ತಿಳಿನೀರಿನ ಸಾಕ್ಷ್ಯ

ತಿಳಿಯಾದ ನೀರನ್ನು ಶುದ್ಧವೆಂದು ನಂಬುವುದು ಮನುಷ್ಯನ ಹಳೆಯ ವಾಡಿಕೆ. ಕಣ್ಣಿಗೆ ಕಸ ಕಾಣದೆ, ಮೂಗಿಗೆ ನಾತ ಬಡಿಯದೆ, ನಾಲಗೆಗೆ ಒಗರು ತಾಗದೆ ಇದ್ದರೆ ಬಿಂದಿಗೆ ತುಂಬಿಕೊಳ್ಳಲು ಯಾರೂ ಹಿಂಜರಿಯುವುದಿಲ್ಲ. ಆದರೆ ಈ ಮೂವರು ಪರೀಕ್ಷಕರನ್ನೂ ಏಕಕಾಲದಲ್ಲಿ ವಂಚಿಸಬಲ್ಲ ವಿಷಗಳುಂಟು. ಪಾದರಸದ ಸಂಯುಕ್ತಗಳು ಅಂಥವು.

ಈ ಪಾಠವನ್ನು ಜಗತ್ತಿಗೆ ಕಲಿಸಿದುದು ಜಪಾನಿನ ಮಿನಾಮಾಟಾ ಎಂಬ ಕಡಲತೀರದ ಊರು. ಅಲ್ಲಿನ ಚಿಸ್ಸೋ ಕಾರ್ಖಾನೆಯು 1932ರಿಂದ ಅಸಿಟಾಲ್ಡಿಹೈಡ್ ತಯಾರಿಕೆಯಲ್ಲಿ ಪಾದರಸವನ್ನು ಬಳಸಿ, ಹೊಲಸು ನೀರನ್ನು ಸಮುದ್ರಕ್ಕೆ ಬಿಡುತ್ತಿದ್ದಿತು. ಮೊದಲು ಊರಿನ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. 1956ರಲ್ಲಿ ನಡಿಗೆ ತಪ್ಪಿದ, ಮಾತು ತೊದಲುವ ಬಾಲಕಿಯೊಬ್ಬಳನ್ನು ಕಾರ್ಖಾನೆಯದೇ ಆಸ್ಪತ್ರೆಗೆ ಕರೆತಂದರು. ಅಲ್ಲಿನ ವೈದ್ಯ ಹಾಜಿಮೆ ಹೊಸೋಕಾವಾ ಅವರು ಮೇ 1ರಂದು ಈ ಅಪರಿಚಿತ ವ್ಯಾಧಿಯ ವಿಷಯವನ್ನು ಆರೋಗ್ಯಾಧಿಕಾರಿಗಳಿಗೆ ತಿಳಿಸಿದರು. ಮೀಥೈಲ್ ಪಾದರಸವೇ ಇದರ ಮೂಲವಾಗಿದ್ದಿತು. ಅದು ನೀರಿನಿಂದ ಸೂಕ್ಷ್ಮಜೀವಿಗೆ, ಅಲ್ಲಿಂದ ಮೀನಿಗೆ, ಮೀನಿನಿಂದ ಮನುಷ್ಯನ ಮಿದುಳಿಗೆ ಏರಿ, ಗರ್ಭದಲ್ಲಿನ ಶಿಶುವನ್ನೂ ಬಿಡಲಿಲ್ಲ.

ಹೀಗೆ ಏರುತ್ತ ಹೋದಂತೆ ಈ ವಿಷ ಸಂಚಯವಾಗುತ್ತದೆ. ದೊಡ್ಡ ಮೀನಿನ ಮಾಂಸದಲ್ಲಿ ಅದರ ಪ್ರಮಾಣವು ಸುತ್ತಲಿನ ನೀರಿನಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟು ಹೆಚ್ಚಬಲ್ಲುದು. ಆದುದರಿಂದ ನೀರಿನಲ್ಲಿ ಅಳೆಯಬೇಕಾದ ಮೊತ್ತ ಅತ್ಯಲ್ಪ. ಉದ್ದಗಲಗಳಲ್ಲಿ ಒಂದೊಂದು ಕಿಲೋಮೀಟರ್, ಆಳದಲ್ಲಿ ಒಂದು ಮೀಟರ್ ಇರುವ ಕೆರೆಯೊಂದರಲ್ಲಿ ಒಂದೇ ಒಂದು ಗ್ರಾಂ ಪಾದರಸ ಸಮವಾಗಿ ಕರಗಿತೆಂದು ಭಾವಿಸೋಣ. ಆ ಕೆರೆಯ ಒಂದು ಸೀಸೆ ನೀರಿನಿಂದ ಅದನ್ನು ಪತ್ತೆಹಚ್ಚುವ ಶಕ್ತಿ ಇಂದಿನ ಪ್ರಯೋಗಶಾಲೆಗಳಿಗೆ ಇದೆ.

ಇದಕ್ಕೆ ನೆರವಾಗುವುದು ಅಕ್ಕಸಾಲಿಗರು ಬಲ್ಲ ಹಳೆಯ ನಂಟು: ಪಾದರಸ ಚಿನ್ನವನ್ನು ಕಂಡರೆ ಅಂಟಿಕೊಳ್ಳುತ್ತದೆ. ನೀರಿನಲ್ಲಿರುವ ಪಾದರಸವನ್ನು ರಾಸಾಯನಿಕಗಳಿಂದ ಆವಿಯಾಗಿಸಿ, ಚಿನ್ನದ ಲೇಪವಿರುವ ಮರಳಿನ ಮೇಲೆ ಹಾಯಿಸುತ್ತಾರೆ. ಅಲ್ಲಿ ಸೆರೆಯಾದ ಆವಿಯನ್ನು ಕಾಯಿಸಿ ಬಿಡಿಸಿ, 253.7 ನ್ಯಾನೋಮೀಟರ್ ಅಲೆಯುದ್ದದ ಅದೃಶ್ಯ ಬೆಳಕನ್ನು ಹಾಯಿಸಿದರೆ ಪಾದರಸದ ಪರಮಾಣುಗಳು ಮಿನುಗುತ್ತವೆ. ಆ ಮಿನುಗೇ ಲೆಕ್ಕ. ಆದರೆ ಇದು ಒಟ್ಟು ಪಾದರಸದ ಲೆಕ್ಕ ಮಾತ್ರ. ಹೆಚ್ಚು ಅಪಾಯಕಾರಿಯಾದ ಮೀಥೈಲ್ ರೂಪವನ್ನು ಅರಿಯಲು ಅದನ್ನು ಮೊದಲು ಬಟ್ಟಿಯಿಳಿಸಿ ಬೇರ್ಪಡಿಸಿ, ಆಮೇಲೆ ಅಳೆಯಬೇಕು.

ಯಂತ್ರ ಇಷ್ಟು ಸೂಕ್ಷ್ಮವಾದ ಮೇಲೆ ಅಳೆಯುವವನ ಮಡಿ ಅಜ್ಜಿಯಂದಿರ ಮಡಿಯನ್ನೂ ಮೀರಿಸಬೇಕಾಯಿತು. ನೀರು ಸಂಗ್ರಹಿಸಲು ಇಬ್ಬರು ಹೋಗುತ್ತಾರೆ. ಒಬ್ಬನು ಹೊರಚೀಲ, ಹಗ್ಗ, ದೋಣಿಗಳನ್ನು ಮುಟ್ಟುವವನು. ಇನ್ನೊಬ್ಬನು ಕೈಗವಸು ತೊಟ್ಟು ಸೀಸೆಯನ್ನಲ್ಲದೆ ಬೇರೇನನ್ನೂ ಮುಟ್ಟಬಾರದು. ಹಲ್ಲಿಗೆ ಪಾದರಸದ ಮಿಶ್ರಲೋಹ ತುಂಬಿಸಿಕೊಂಡವನು ಸೀಸೆಯ ಮೇಲೆ ಉಸಿರು ಬಿಡುವುದೂ ದೋಷವೇ. ಜೊತೆಗೆ ಶುದ್ಧನೀರಿನ ಸೀಸೆಯೊಂದನ್ನೂ ಒಯ್ದು, ಅದೇ ವಿಧಿಗಳಿಗೆ ಒಳಪಡಿಸುತ್ತಾರೆ. ಅದರಲ್ಲಿ ಪಾದರಸ ಕಂಡರೆ ಅದು ಅಳೆದವರ ಕೈಯ ಕೊಳೆ, ಕೆರೆಯದಲ್ಲ.

ಇಷ್ಟೆಲ್ಲ ಶ್ರಮದ ಫಲ ಜನರಿಗೆ ತಲಪದೆ ಹೋದರೆ? ಹೊಸೋಕಾವಾ ಅವರು ಕಾರ್ಖಾನೆಯ ಹೊಲಸು ನೀರನ್ನು ಆಹಾರದಲ್ಲಿ ಬೆರೆಸಿ ಬೆಕ್ಕೊಂದಕ್ಕೆ ತಿನ್ನಿಸಿ ನೋಡಿದ್ದರು. 400ನೆಯ ಸಂಖ್ಯೆಯ ಆ ಬೆಕ್ಕು 1959ರ ಅಕ್ಟೋಬರಿನಲ್ಲಿ ಅದೇ ರೋಗಕ್ಕೆ ತುತ್ತಾಯಿತು. ಸಂಸ್ಥೆ ಆ ಫಲಿತಾಂಶವನ್ನು ಮುಚ್ಚಿಟ್ಟಿತು. ಪಾದರಸ ಬಳಸುವ ಆ ತಯಾರಿಕೆ ನಿಂತದ್ದು 1968ರಲ್ಲಿ. ಸರ್ಕಾರವು ಕಾರಣವನ್ನು ಒಪ್ಪಿಕೊಂಡುದೂ ಅದೇ ವರ್ಷ. 1970ರಲ್ಲಿ ಆ ವೈದ್ಯರು ರೋಗಶಯ್ಯೆಯಿಂದಲೇ ಸಾಕ್ಷ್ಯ ನುಡಿದರು. ಅದೇ ವರ್ಷ ತೀರಿಕೊಂಡರು.

ಪಾದರಸವನ್ನು ನಿಯಂತ್ರಿಸಲು 2013ರಲ್ಲಿ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದಕ್ಕೆ ಮಿನಾಮಾಟಾ ಎಂದೇ ಹೆಸರು. ಭಾರತವು 2018ರಲ್ಲಿ ಅದನ್ನು ಅನುಮೋದಿಸಿತು. ಆದರೂ ನೀರಿನ ವರದಿಯಲ್ಲಿ 'ಪಾದರಸ ಕಂಡುಬಂದಿಲ್ಲ' ಎಂಬ ಮಾತು ಓದಿದೊಡನೆ ಗೃಹಸ್ಥರು ನಿಶ್ಚಿಂತರಾಗಬೇಕಿಲ್ಲ. ಯಂತ್ರ ಎಷ್ಟು ಸಣ್ಣ ಮೊತ್ತವನ್ನು ಕಾಣಬಲ್ಲುದಾಗಿತ್ತು, ಯಾವ ರೂಪವನ್ನು ಅಳೆದರು ಎಂದು ಕೇಳುವುದು ಅವರ ಹಕ್ಕು. ಕಂಡಿಲ್ಲವೆಂಬುದು ಒಂದು ಮಾತು, ಇಲ್ಲವೆಂಬುದು ಬೇರೊಂದು ಮಾತು.