ಮೂರನೇ ಸಂಚಿಕೆಯ ಓದುಗರೆಲ್ಲಿ?

ಜೂನ್ ತಿಂಗಳಲ್ಲಿ ಶಾಲೆ ಶುರುವಾಗಿ ಹದಿನೈದು ದಿನ ಕಳೆಯುವುದರೊಳಗೆ ಎಷ್ಟೋ ಹೈಸ್ಕೂಲುಗಳ ವರಾಂಡದಲ್ಲಿ ಒಂದು ಭಿತ್ತಿಪತ್ರಿಕೆ ಹುಟ್ಟುತ್ತದೆ. ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಹೆಸರು, ಸುತ್ತ ಬಳ್ಳಿಯ ಅಂಚು, ಮೂಲೆಯಲ್ಲಿ ಸಿ.ವಿ. ರಾಮನ್ ಚಿತ್ರ. ಮೊದಲ ದಿನ ನೂಕುನುಗ್ಗಲು. ಎರಡನೆಯ ಸಂಚಿಕೆಯ ಮುಂದೆ ನಾಲ್ಕು ಜನ. ಮೂರನೆಯದನ್ನು ಬರೆದವರೇ ಓದಿಕೊಳ್ಳಬೇಕು. ದಸರೆ ರಜೆ ಮುಗಿಸಿ ಬರುವ ಹೊತ್ತಿಗೆ ಅದೇ ಹಾಳೆ ಬಿಸಿಲಿಗೆ ಬಣ್ಣ ಕಳೆದುಕೊಂಡು ಒಂದೇ ಪಿನ್ನಿನಲ್ಲಿ ತೂಗಾಡುತ್ತಿರುತ್ತದೆ. 'ಯಾರೂ ಓದೋದಿಲ್ಲ ಸಾರ್' ಎಂಬುದು ವಿದ್ಯಾರ್ಥಿ ಸಂಪಾದಕರ ದೂರು. 'ಆ ಹೊತ್ತಿನಲ್ಲಿ ಎರಡು ಲೆಕ್ಕ ಬಿಡಿಸಿದ್ದರೆ ಅಂಕವಾದರೂ ಬರುತ್ತಿತ್ತು' ಎಂಬುದು ಮನೆಯವರ ದೂರು.

ಓದುಗರನ್ನು ಕರೆಯುವುದು ಒಂದು ಕೆಲಸ. ಬಂದವರನ್ನು ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಕನ್ನಡದ ಮೊತ್ತಮೊದಲ ಪತ್ರಿಕೆಯೂ ಈ ಎರಡರ ನಡುವೆ ಸಿಕ್ಕಿಕೊಂಡಿತ್ತು. ಆ ಕಥೆಯ ಎರಡನೆಯ ಅಧ್ಯಾಯ ನಡೆದದ್ದು ಬಳ್ಳಾರಿಯಲ್ಲಿ ಎಂಬುದು ಬಳ್ಳಾರಿಯ ಮಕ್ಕಳಿಗೇ ಅಷ್ಟಾಗಿ ಗೊತ್ತಿಲ್ಲ.

ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು 1843ರ ಜುಲೈ 1ರಂದು. ನಾವು ಇಂದಿಗೂ ಆ ದಿನವನ್ನೇ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ಊರಿನ ಸುದ್ದಿ, ಸರ್ಕಾರದ ನಿಯಮಗಳು, ಬೇರೆ ರಾಜ್ಯಗಳ ವರ್ತಮಾನ, ಬುದ್ಧಿಮಾತು, ಕಥೆ ಎಲ್ಲವೂ ಆ ನಾಲ್ಕು ಪುಟಗಳಲ್ಲೇ. ಮೊಗ್ಲಿಂಗ್ ಪಾದ್ರಿಯಾಗಿದ್ದರೂ ಪತ್ರಿಕೆ ಬರಿಯ ಧರ್ಮಬೋಧೆಯಾಗಲಿಲ್ಲ. ಮಂಗಳೂರಿನವನಿಗೆ ಮೊದಲು ಬೇಕಾದದ್ದು ಮಂಗಳೂರಿನ ಸುದ್ದಿ ಎಂಬುದು ಆತನಿಗೆ ತಿಳಿದಿತ್ತು.

ಅದು ಅಚ್ಚಾಗುತ್ತಿದ್ದದ್ದು ಕಲ್ಲಿನಿಂದ! 1796ರ ಸುಮಾರಿಗೆ ಜರ್ಮನಿಯ ಬವೇರಿಯಾದಲ್ಲಿ ಆಲೋಯ್ಸ್ ಸೆನೆಫೆಲ್ಡರ್ ಕಂಡುಹಿಡಿದ ಈ ವಿಧಾನದ ಗುಟ್ಟು ಅಡುಗೆಮನೆಯಲ್ಲೇ ಇದೆ: ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ಮೂಡಿಸುತ್ತಾರೆ. ಕಲ್ಲನ್ನು ಹದಮಾಡಿ ನೀರು ಸವರಿದರೆ ಅಕ್ಷರವಿಲ್ಲದ ಕಡೆ ಮಾತ್ರ ಒದ್ದೆಯಾಗುತ್ತದೆ. ಆಮೇಲೆ ಎಣ್ಣೆ ಬೆರೆತ ಮಸಿಯ ಉರುಳೆಯನ್ನು ಎಳೆದಾಗ ಒದ್ದೆ ಜಾಗ ಅದನ್ನು ದೂರವಿಡುತ್ತದೆ, ಜಿಡ್ಡಿನ ಅಕ್ಷರ ಹಿಡಿದುಕೊಳ್ಳುತ್ತದೆ. ಅದರ ಮೇಲೆ ಕಾಗದ ಒತ್ತಿದರೆ ಪುಟ ಸಿದ್ಧ. ಆದರೆ ಪ್ರತಿ ಹಾಳೆಗೂ ಮತ್ತೆ ನೀರು, ಮತ್ತೆ ಮಸಿ. ಕೆಲಸ ನಿಧಾನ.

ಕರಾವಳಿಯಾಚೆ ಘಟ್ಟದ ಮೇಲಿನ ಊರುಗಳಲ್ಲೂ ಓದುಗರು ಹುಟ್ಟಿಕೊಂಡಾಗ ಕಲ್ಲಚ್ಚು ಸಾಲದಾಯಿತು. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನವರ ಮುದ್ರಣಾಲಯವಿತ್ತು. ಅಲ್ಲಿ ಸೀಸ ಬೆರೆತ ಲೋಹದ ಅಚ್ಚುಮೊಳೆಗಳಿದ್ದವು. ಮೊಳೆ ಜೋಡಿಸಿ ಬೇಕಾದಷ್ಟು ಪ್ರತಿ ತೆಗೆದು, ಬಿಚ್ಚಿ, ಮತ್ತೆ ಅವನ್ನೇ ಬಳಸಬಹುದು. ಹೀಗೆ 1844ರ ಮಾರ್ಚ್‌ನಿಂದ ಪತ್ರಿಕೆ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಹೆಸರೂ ಬದಲಾಯಿತು: 'ಕಂನಡ ಸಮಾಚಾರ'. ಒಂದು ಊರಿನ ಪತ್ರಿಕೆ ಇಡೀ ಭಾಷೆಯ ಪತ್ರಿಕೆಯಾಯಿತು. ಬೆಳವಣಿಗೆ ಎಂದರೆ ಇದೇ ಅಲ್ಲವೇ?

ಆದರೆ ಅದು ಹೆಚ್ಚು ಕಾಲ ನಡೆಯಲಿಲ್ಲ. ಮೊಗ್ಲಿಂಗ್ ಇದ್ದದ್ದು ಮಂಗಳೂರಿನಲ್ಲಿ, ಅಚ್ಚಾಗುತ್ತಿದ್ದದ್ದು ಸುಮಾರು 400 ಕಿ.ಮೀ. ದೂರದಲ್ಲಿ. ನಡುವೆ ಘಟ್ಟ. ಆಗ ದೇಶದಲ್ಲಿ ರೈಲಿರಲಿಲ್ಲ, ತಂತಿಯೂ ಇರಲಿಲ್ಲ. ಮಂಗಳೂರಿನ ಬಿಸಿ ಸುದ್ದಿ ಬಳ್ಳಾರಿ ಮುಟ್ಟಿ, ಅಚ್ಚಾಗಿ, ಮರಳಿ ಕರಾವಳಿಗೆ ಬರುವ ಹೊತ್ತಿಗೆ ತಂಗಳಾಗಿರಬೇಕು. ಪ್ರತಿಗಳು ಹೆಚ್ಚಿದವು ನಿಜ, ಆದರೆ ಓದುಗನ ಬಾಗಿಲು ದೂರವಾಯಿತು. ಒಳ್ಳೆಯ ಯಂತ್ರ ಸಿಕ್ಕಿದ ಮಾತ್ರಕ್ಕೆ ಪತ್ರಿಕೆ ಬದುಕುತ್ತದೆ ಎನ್ನುವವರು ಈ ಕಥೆಯನ್ನು ಇನ್ನೊಮ್ಮೆ ಓದಬೇಕು.

ನಮ್ಮ ಭಿತ್ತಿಪತ್ರಿಕೆಗಳಿಗೆ ಬರುವ ರೋಗವೂ ಇದಕ್ಕೆ ದೂರದ್ದಲ್ಲ. 'ಕಪ್ಪು ಕುಳಿಗಳು' ಎಂದು ಯಾವುದೋ ಪುಸ್ತಕದಿಂದ ಇಳಿಸಿದ ಲೇಖನ ಬಳ್ಳಾರಿಯಲ್ಲೂ ಒಂದೇ, ಬೀದರಿನಲ್ಲೂ ಒಂದೇ. ಅದನ್ನು ಇಲ್ಲೇ ನಿಂತು ಓದಬೇಕಾದ ಕಾರಣವೇನು? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಆ ವಾರ ಸಿರುಗುಪ್ಪ, ಕುರುಗೋಡು ಕಡೆಯ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ತುಂಬಿದ ಜಲಾಶಯ ಖಾಲಿಯಾದರೆ ಭತ್ತಕ್ಕೆ ನೀರೆಲ್ಲಿಂದ? ಹರಿಯುವ ನೀರಿನಲ್ಲೇ ಉಕ್ಕಿನ ಅಡ್ಡತಡೆಯ ತುಂಡುಗಳನ್ನು ಒಂದರ ಮೇಲೊಂದು ಇಳಿಸಿದ್ದು ಹೇಗೆ? ಒತ್ತಡವು ಆಳದೊಂದಿಗೆ ಹೆಚ್ಚುತ್ತದೆ ಎಂಬ ಪಾಠ ಅಂದು ಕಣ್ಣೆದುರೇ ಇತ್ತು. ಗೇಟಿನ ಒಂದು ಚಿತ್ರ, ನೀರಿನ ಒತ್ತಡದ ಒಂದು ಲೆಕ್ಕ, ಗದ್ದೆಯ ಮಾಲೀಕರಾದ ಅಜ್ಜನ ನಾಲ್ಕು ಮಾತು – ಇಷ್ಟು ಹಾಕಿದ್ದರೆ ಅಡುಗೆಯವರೂ ಬಂದು ಓದುತ್ತಿದ್ದರು. ಪಾಲಕರು ಇಲ್ಲಿ ಮನಸ್ಸು ಮಾಡಬೇಕು. ಮಗಳು ಕಾಲುವೆಯ ಸರದಿಯ ಬಗ್ಗೆ ಕೇಳಿದಾಗ 'ಹೋಗು, ಓದ್ಕೋ' ಎನ್ನಬೇಡಿ. ಅವಳು ಓದುತ್ತಿರುವುದು ಅದನ್ನೇ.

ಇನ್ನು ಬಂದವರನ್ನು ನಾಳೆಯೂ ಕರೆತರುವ ಉಪಾಯ. ಸೋಮವಾರ ಎಂದರೆ ಸೋಮವಾರವೇ ಹಾಳೆ ಬದಲಾಗಬೇಕು. ಅರ್ಧ ಹಾಳೆಯಾದರೂ ಸರಿ. ಕೆಳಗೆ ಒಂದು ಖಾಲಿ ಜಾಗ, ದಾರಕ್ಕೆ ಕಟ್ಟಿದ ಪೆನ್ಸಿಲ್. ಅಲ್ಲಿ ಪ್ರಶ್ನೆ ಬರೆದವರ ಹೆಸರು ಮುಂದಿನ ವಾರದ ಉತ್ತರದ ತಲೆಯ ಮೇಲೆ ಬರಬೇಕು. ತನ್ನ ಹೆಸರಿರುವ ಹಾಳೆಯನ್ನು ಯಾರೂ ಓದದೆ ಹೋಗುವುದಿಲ್ಲ. ಜೊತೆಗೆ ಇಬ್ಬರು ಗೆಳೆಯರನ್ನೂ ಎಳೆದು ತರುತ್ತಾರೆ. ಪೆನ್ಸಿಲ್ ಕಳುವಾಗುತ್ತದೆ, ಇನ್ನೊಂದು ಕಟ್ಟಿ. ತಪ್ಪು ಉತ್ತರ ಅಚ್ಚಾದರೆ ಮುಂದಿನ ವಾರ ಅದೇ ಜಾಗದಲ್ಲಿ ತಿದ್ದುಪಡಿ ಹಾಕಿ. ಮುಚ್ಚಿಟ್ಟರೆ ಓದುಗ ಕೈಬಿಡುತ್ತಾನೆ, ಒಪ್ಪಿಕೊಂಡರೆ ಇನ್ನೊಂದು ತಪ್ಪು ಹುಡುಕುವುದಕ್ಕಾದರೂ ಬರುತ್ತಾನೆ!

ಮೊದಲ ಪ್ರಶ್ನೆಗೆ ದೂರ ಹೋಗಬೇಕಿಲ್ಲ. ಬೇಸಿಗೆಯಲ್ಲಿ ಸೂರ್ಯ ಮುಳುಗಿದ ಮೇಲೂ ಬಳ್ಳಾರಿ ಗುಡ್ಡದ ಬಂಡೆ ಏಕೆ ಕಾವು ಬಿಡುತ್ತಲೇ ಇರುತ್ತದೆ? ಅಂಗಳದ ಚಪ್ಪಡಿಯ ಮೇಲೊಂದು, ಪಕ್ಕದ ಮಣ್ಣಿನ ಮೇಲೊಂದು ಪ್ರಯೋಗಾಲಯದ ಥರ್ಮಾಮೀಟರ್ ಇಟ್ಟು ಸಂಜೆ ಆರರಿಂದ ಹತ್ತರವರೆಗೆ ಗಂಟೆಗೊಮ್ಮೆ ಬರೆದುಕೊಳ್ಳಿ. ಜ್ವರ ನೋಡುವ ಥರ್ಮಾಮೀಟರ್ ಬೇಡ. ಅದರ ಅಳತೆ 42 ಡಿಗ್ರಿಗೇ ಮುಗಿಯುತ್ತದೆ, ಬಳ್ಳಾರಿಯ ಚಪ್ಪಡಿ ಅದನ್ನು ಸುಲಭವಾಗಿ ಮೀರಿಸೀತು. ಅಂಕಿಗಳನ್ನು ಸೋಮವಾರದ ಹಾಳೆಯಲ್ಲಿ ಹಾಕಿ. ಕಾರಣವನ್ನು ಮಾತ್ರ ಅದರ ಮುಂದಿನ ಸೋಮವಾರಕ್ಕೆ ಉಳಿಸಿಕೊಳ್ಳಿ.