ಗ್ಯಾಸ್ ಔಷಧಿ ಅಲ್ಲ ಅದು!

ನಮ್ಮ ಮನೆಯಲ್ಲಿ ಹೊಟ್ಟೆಯ ಎಲ್ಲ ತೊಂದರೆಗೂ ಒಂದೇ ಹೆಸರು: ಗ್ಯಾಸು. ಎದೆ ಉರಿದರೆ ಗ್ಯಾಸು, ಬೆನ್ನು ಹಿಡಿದರೆ ಗ್ಯಾಸು, ಮ್ಯಾನೇಜರ್ ಬೈದು ತಲೆ ಸಿಡಿದರೂ ಗ್ಯಾಸೇ. ಹಾಗಾಗಿ ಹೋದ ವರ್ಷ ರಾತ್ರಿ ಎರಡು ಗಂಟೆಗೆ ಹೊಟ್ಟೆಯ ಮೇಲ್ಭಾಗ ಸುಟ್ಟ ಹಾಗಾಗಿ ಎದ್ದು ಕೂತಾಗ ನಾನೂ ಹಾಗೇ ಅಂದುಕೊಂಡೆ. ಜೀರಿಗೆ ನೀರು ಕುಡಿದು ಮಲಗಿದೆ. ಒಂದು ತಿಂಗಳು ಹೀಗೇ ಕಳೀತು.

ಕೊನೆಗೆ ಎಂಡೋಸ್ಕೋಪಿ ಆಯ್ತು. ಜಠರದ ಗೋಡೆಯಲ್ಲಿ ಹುಣ್ಣು. ‘ನೋವಿನ ಮಾತ್ರೆ ಏನಾದ್ರೂ ತಗೋತೀರಾ?’ ಅಂತ ಡಾಕ್ಟರ್ ಕೇಳಿದಾಗ ನನಗೆ ನಾಚಿಕೆ ಆಯ್ತು. ಕತ್ತು ನೋವಿಗೆ ಅಂತ ಆರು ತಿಂಗಳಿಂದ ಮೆಡಿಕಲ್ ಶಾಪಿನ ಮಾತ್ರೆ ನುಂಗ್ತಿದ್ದೆ, ಅದೂ ಬೆಳಗ್ಗೆ ಬರೀ ಕಾಫಿ ಜೊತೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಥರದ ಮಾತ್ರೆಗಳು ಜಠರದ ರಕ್ಷಣಾ ಪದರವನ್ನೇ ದುರ್ಬಲ ಮಾಡುತ್ತವೆ ಅಂತ ಆವತ್ತೇ ಗೊತ್ತಾಗಿದ್ದು.

ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ಹೆಲಿಕೋಬ್ಯಾಕ್ಟರ್ ಪೈಲೊರಿ ಅನ್ನೋ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಅನ್ನುವ ವೈದ್ಯ ಇದನ್ನು ನಂಬಿಸೋಕೆ 1984ರಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡರು. 2005ರಲ್ಲಿ ಅವರಿಗೂ ರಾಬಿನ್ ವಾರನ್ ಅವರಿಗೂ ನೊಬೆಲ್ ಬಂತು. ಮೆಣಸಿನಕಾಯಿ ಉರಿಯನ್ನು ಹೆಚ್ಚಿಸಬಹುದು, ಆದರೆ ಹುಣ್ಣು ಹುಟ್ಟಿಸೋದು ಅದಲ್ಲ. ನನಗೆ ಬ್ಯಾಕ್ಟೀರಿಯಾ ಇರಲಿಲ್ಲ. ಹುಣ್ಣಿನಿಂದ ತೆಗೆದ ಚೂರಿನ ಪರೀಕ್ಷೆಯಲ್ಲೂ ಕ್ಯಾನ್ಸರ್ ಇಲ್ಲ ಅಂತ ಬಂತು. ಆ ವರದಿಗೆ ಕಾದ ಒಂದು ವಾರದ ಬಗ್ಗೆ ಏನೂ ಬರೆಯಲ್ಲ.

ಡಾಕ್ಟರ್ ಆಮ್ಲ ಕಡಿಮೆ ಮಾಡುವ ಮಾತ್ರೆ ಕೊಟ್ಟರು. ಜೊತೆಗೆ ಸುಕ್ರಾಲ್ಫೇಟ್ ಅನ್ನೋ ಗುಲಾಬಿ ಬಣ್ಣದ ದ್ರವ ಔಷಧಿ. ಚೀಟಿಯಲ್ಲಿ ‘ಖಾಲಿ ಹೊಟ್ಟೆಗೆ, ದಿನಕ್ಕೆ ನಾಲ್ಕು ಸಲ’ ಅಂತ ಇತ್ತು. ನಾನು ಏನು ಮಾಡಿದೆ ಗೊತ್ತಾ? ಬಾಟಲಿ ನೋಡಿದ್ದೇ ‘ಓ, ಇದೂ ಗ್ಯಾಸ್ ಔಷಧಿನೇ’ ಅಂತ ತೀರ್ಮಾನಿಸಿದೆ. ಊಟ ಆದ್ಮೇಲೆ ಉರಿ ಅನ್ನಿಸಿದಾಗ ಬಾಟಲಿಗೇ ಬಾಯಿ ಹಾಕಿ ಒಂದು ಗುಟುಕು. ಬೆಳಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ ನುಂಗಿ, ಅದರ ಹಿಂದೆಯೇ ಇನ್ನೊಂದು ಗುಟುಕು.

ಐದು ವಾರ ಆದರೂ ನೋವು ಹೋಗಲಿಲ್ಲ. ಮೇಲಿಂದ ಸುಸ್ತು, ಕೂದಲು ಉದುರೋದು, ಮೀಟಿಂಗಲ್ಲಿ ತೂಕಡಿಕೆ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಏರಿತ್ತು. ಡಾಕ್ಟರ್ ಔಷಧಿ ಬದಲಾಯಿಸ್ತಾರೆ ಅಂದುಕೊಂಡೆ. ಅವರು ಪೆನ್ ಕೆಳಗಿಟ್ಟು, ‘ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು, ಎಷ್ಟೊತ್ತಿಗೆ ತಗೊಂಡ್ರಿ ಹೇಳಿ’ ಅಂದರು. ಹೇಳಿದೆ. ಅವರು ನಕ್ಕರು, ಆದರೆ ಪೂರ್ತಿ ನಗುವಲ್ಲ.

ಆಮೇಲೆ ವಿವರಿಸಿದರು. ಈ ಔಷಧಿ ರಕ್ತಕ್ಕೆ ಸೇರಿ ಕೆಲಸ ಮಾಡೋದಲ್ಲ. ಜಠರದ ಆಮ್ಲಕ್ಕೆ ಸೇರಿದಾಗ ಇದು ಅಂಟಂಟಾದ ಪೇಸ್ಟ್ ಆಗಿ ಹುಣ್ಣಿನ ಮೇಲೆ ಕೂರುತ್ತದೆ, ಸುಮಾರು ಆರು ಗಂಟೆ ಪ್ಲಾಸ್ಟರ್ ಥರ ಕಾಯುತ್ತದೆ. ಅದರಡಿಯಲ್ಲಿ ಗಾಯ ತಾನೇ ಮಾಯುತ್ತದೆ. ಹೊಟ್ಟೆ ತುಂಬ ಅನ್ನ ಸಾರು ಇದ್ದರೆ ಪೇಸ್ಟ್ ಊಟಕ್ಕೇ ಅಂಟಿಕೊಳ್ಳುತ್ತದೆ. ಗೋಡೆಗೆ ಸುಣ್ಣ ಹೊಡೆಯೋಕೆ ಬಂದು ಮುಂದಿದ್ದ ಬೀರುವಿಗೆ ಬಳಿದು ಹೋದ ಹಾಗೆ. ಅದಕ್ಕೇ ಊಟಕ್ಕೆ ಒಂದು ಗಂಟೆ ಮುಂಚೆ, ಇಲ್ಲಾಂದ್ರೆ ಎರಡು ಗಂಟೆ ನಂತರ.

ಅಂಟುವ ಗುಣವೇ ಇನ್ನೊಂದು ಸಮಸ್ಯೆಗೂ ಮೂಲ. ಬೇರೆ ಮಾತ್ರೆಗಳನ್ನೂ ಇದು ಹಿಡಿದುಕೊಂಡು ದೇಹಕ್ಕೆ ಸೇರದಂತೆ ಮಾಡುತ್ತದೆ. ನನ್ನ ಥೈರಾಯ್ಡ್ ಮಾತ್ರೆಗೆ ಆಗಿದ್ದು ಅದೇ. ದಿನಾ ನುಂಗ್ತಿದ್ದೆ, ದೇಹಕ್ಕೆ ಸಿಗ್ತಿರಲಿಲ್ಲ. ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಹೃದಯದ ಡಿಗಾಕ್ಸಿನ್‌ಗೂ ಇದೇ ಗತಿ. ಸಾಮಾನ್ಯವಾಗಿ ಎರಡು ಗಂಟೆ ಅಂತರ ಬೇಕು, ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ. ಗ್ಯಾಸ್‌ಗೆ ಕುಡಿಯುವ ಆಂಟಾಸಿಡ್ ಕೂಡ ಇದರ ಹಿಂದೆ ಮುಂದೆ ಅರ್ಧ ಗಂಟೆ ಬೇಡ.

ಅವರು ಹಾಕಿಕೊಟ್ಟ ವೇಳಾಪಟ್ಟಿಯನ್ನು ಫೋನಿನ ಅಲಾರಂಗೆ ಹಾಕಿದೆ. ಬೆಳಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ. ತಿಂಡಿಗೆ ಅರ್ಧ ಗಂಟೆ ಮುಂಚೆ ಆಮ್ಲದ ಮಾತ್ರೆ. ಗುಲಾಬಿ ಔಷಧಿ 11.30, 4.30, ಸಂಜೆ 7 ಮತ್ತು ಮಲಗುವ ಮುಂಚೆ 10.30ಕ್ಕೆ. ಇದು ನನ್ನದು. ನಿಮ್ಮ ಮಾತ್ರೆಗಳೇ ಬೇರೆ, ನಿಮ್ಮ ಪಟ್ಟಿಯನ್ನು ನಿಮ್ಮ ಡಾಕ್ಟರ್ ಹತ್ತಿರವೇ ಬರೆಸಿಕೊಳ್ಳಿ.

ಇನ್ನು ಸಣ್ಣ ಸಂಗತಿಗಳು, ನಾನು ತಪ್ಪು ಮಾಡಿ ಕಲಿತಿದ್ದು:

ಬಾಟಲಿ ಚೆನ್ನಾಗಿ ಅಲ್ಲಾಡಿಸಬೇಕು. ಔಷಧಿ ತಳಕ್ಕೆ ಇಳಿದಿರುತ್ತದೆ. ಅಲ್ಲಾಡಿಸದಿದ್ದರೆ ಮೊದಲ ವಾರ ನೀರು, ಕೊನೆಯ ವಾರ ಗಟ್ಟಿ ಮದ್ದು.

ಅಡುಗೆಮನೆ ಚಮಚ ಬೇಡ. ಒಂದೊಂದು ಮನೆಯದು ಒಂದೊಂದು ಅಳತೆ. ಬಾಟಲಿ ಜೊತೆ ಬರುವ ಅಳತೆಯ ಮುಚ್ಚಳವೇ ಸರಿ. ಬಾಯಿ ಹಾಕಿ ಕುಡಿಯೋದಂತೂ ಬೇಡವೇ ಬೇಡ.

ಅಂಗಡಿಯವರು ಬೇರೆ ಬ್ರ್ಯಾಂಡ್ ಕೊಟ್ಟರೆ ಲೇಬಲ್ ಓದಿ. ಒಂದರಲ್ಲಿ 5 ಎಂಎಲ್‌ಗೆ 1 ಗ್ರಾಂ ಇದ್ದರೆ ಇನ್ನೊಂದರಲ್ಲಿ 10 ಎಂಎಲ್‌ಗೆ 1 ಗ್ರಾಂ ಇರುತ್ತದೆ. ಕೆಲವದರಲ್ಲಿ ಮರಗಟ್ಟಿಸುವ ಆಕ್ಸೆಟಕೇನ್ ಕೂಡ ಸೇರಿರುತ್ತದೆ.

ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಡಬಲ್ ಕುಡಿಯಬೇಡಿ. ಮಲಬದ್ಧತೆ ಆಗಬಹುದು, ನನಗೂ ಆಯ್ತು. ನೀರು, ಸೊಪ್ಪು, ಹಣ್ಣು ಹೆಚ್ಚಿಸಿದೆ. ಶುಗರ್ ಇರೋರು, ಗರ್ಭಿಣಿಯರು ಮೊದಲೇ ಡಾಕ್ಟರಿಗೆ ಹೇಳಿ. ನೋವು ಹತ್ತು ದಿನಕ್ಕೇ ಹೋದರೂ ನಿಲ್ಲಿಸಬೇಡಿ. ಹುಣ್ಣು ಮಾಯೋಕೆ ಸಾಮಾನ್ಯವಾಗಿ 4ರಿಂದ 8 ವಾರ ಬೇಕು. ಸಿಗರೇಟು ಸೇದಿದರೆ ಇನ್ನೂ ನಿಧಾನ.

ನನ್ನದು ಎಂಟು ವಾರದಲ್ಲಿ ಮಾಯಿತು. ಎರಡನೇ ಎಂಡೋಸ್ಕೋಪಿಯಲ್ಲಿ ಸಣ್ಣ ಕಲೆ ಮಾತ್ರ. ಉಳಿದ ಅರ್ಧ ಬಾಟಲಿ ಬ್ಯಾಗಿನಲ್ಲೇ ಇತ್ತು. ಕಥೆ ಅಲ್ಲಿಗೇ ಮುಗಿದಿದ್ದರೆ ಈ ಅಂಕಣ ಬರೀತಿರಲಿಲ್ಲ.

ಯುಗಾದಿಗೆ ಊರಿಗೆ ಹೋಗಿದ್ದೆ. ಅಪ್ಪನಿಗೆ ಮೂರು ದಿನದಿಂದ ಹೊಟ್ಟೆ ಉರಿ. ನಾನು ಸ್ನಾನ ಮುಗಿಸಿ ಬರೋ ಹೊತ್ತಿಗೆ ಅಮ್ಮ ನನ್ನ ಬಾಟಲಿ ತೆಗೆದು ಲೋಟಕ್ಕೆ ಸುರಿದಾಗಿತ್ತು. ‘ನಿಂದೂ ಹೊಟ್ಟೆ ಉರಿಗೇ ತಾನೇ ಕೊಟ್ಟಿದ್ದು?’ ಅಂದಳು. ಲೋಟ ಕಿತ್ಕೊಂಡೆ. ಈ ಔಷಧಿಯಲ್ಲಿ ಅಲ್ಯೂಮಿನಿಯಂ ಇದೆ. ಒಳಗೆ ಸೇರುವ ಅಲ್ಪಸ್ವಲ್ಪವನ್ನು ಆರೋಗ್ಯವಂತ ಕಿಡ್ನಿ ಹೊರಹಾಕುತ್ತದೆ. ಅಪ್ಪನಿಗೆ ಎರಡು ವರ್ಷದಿಂದ ಕಿಡ್ನಿ ತೊಂದರೆ. ಅಂಥವರಲ್ಲಿ ಅದು ಉಳಿದು ಸೇರುತ್ತಾ ಹೋಗಿ ಮೂಳೆಗೆ, ಮಿದುಳಿಗೆ ಹಾನಿ ಮಾಡಬಹುದು.

ಆಮೇಲೆ ನೆನಪಾಯ್ತು. ಅಪ್ಪ ಹಾರ್ಟಿಗೆ ದಿನಾ ಆಸ್ಪಿರಿನ್ ತಗೋತಾರೆ. ‘ಅಪ್ಪಾ, ಕಕ್ಕಸು ಯಾವ ಬಣ್ಣ ಹೋಗ್ತಿದೆ?’ ಅಂತ ಕೇಳಿದೆ. ಹಬ್ಬದ ದಿನ ಇದೆಂಥ ಪ್ರಶ್ನೆ ಅಂತ ಮುಖ ಸಿಂಡರಿಸಿದರು. ಮತ್ತೆ ಕೇಳಿದೆ. ‘ಎರಡು ದಿನದಿಂದ ಕಪ್ಪಗೆ, ಡಾಂಬರಿನ ಹಾಗೆ’ ಅಂದರು.

ಹೋಳಿಗೆ ಒಲೆಯ ಮೇಲೇ ಬಿಟ್ಟು ಆಸ್ಪತ್ರೆಗೆ ಓಡಿದ್ವಿ. ಹುಣ್ಣಿನಿಂದ ರಕ್ತ ಸೋರ್ತಿತ್ತು. ಎರಡು ಬಾಟಲಿ ರಕ್ತ ಕೊಟ್ಟರು, ಎಂಡೋಸ್ಕೋಪಿಯಲ್ಲೇ ರಕ್ತ ನಿಲ್ಲಿಸಿದರು. ಈಗ ಅಪ್ಪ ಹುಷಾರು. ಆಸ್ಪಿರಿನ್ ಏನು ಮಾಡೋದು ಅಂತ ಹೃದಯದ ಡಾಕ್ಟರೇ ನಿರ್ಧರಿಸಿದರು. ಅದನ್ನು ನಾವಾಗೇ ನಿಲ್ಲಿಸೋದೂ ಅಪಾಯ.

ಆವತ್ತು ಆ ಗುಲಾಬಿ ಔಷಧಿ ಕುಡಿದು ಉರಿ ಸ್ವಲ್ಪ ತಣ್ಣಗಾಗಿದ್ದರೆ ಅಪ್ಪ ಹಬ್ಬದೂಟ ಮಾಡಿ ಮಲಗ್ತಿದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತೆ.

ಡಾಂಬರಿನಂಥ ಕಪ್ಪು ಮಲ, ರಕ್ತದ ಅಥವಾ ಕಾಫಿ ಪುಡಿಯಂಥ ವಾಂತಿ, ತಲೆಸುತ್ತು, ಇದ್ದಕ್ಕಿದ್ದಂತೆ ಚುಚ್ಚುವ ಹೊಟ್ಟೆನೋವು. ಇದರಲ್ಲಿ ಒಂದು ಕಂಡರೂ ಔಷಧಿ ಹುಡುಕಬೇಡಿ, ಗಾಡಿ ಹುಡುಕಿ.

ಈ ವಾರ ಅಪ್ಪ ಅಮ್ಮನಿಗೆ ಫೋನ್ ಮಾಡಿದಾಗ ‘ಊಟ ಆಯ್ತಾ’ ಜೊತೆಗೆ ‘ಯಾವ ಮಾತ್ರೆ ತಗೋತಿದ್ದೀರಾ’ ಅಂತಾನೂ ಕೇಳಿ. ನಿಮ್ಮ ಹಳೇ ಬಾಟಲಿ ಮನೆಯಲ್ಲಿದ್ದರೆ ಇವತ್ತೇ ತೆಗೆದುಹಾಕಿ. ನಾನಂತೂ ತೆಗೆದೆ.