ಮಣ್ಣಿಗೆ ಮರಳುವ ಸಿಂಗಾರ

ಡಿಸೆಂಬರ್ ಬಂತೆಂದರೆ ಮಲೆನಾಡಿನ ಪೇಟೆಗಳಲ್ಲೂ ಪ್ಲಾಸ್ಟಿಕ್ ಕ್ರಿಸ್‌ಮಸ್ ಮರಗಳು ಮಾರಾಟಕ್ಕೆ ಬರುತ್ತವೆ. ಕ್ರೈಸ್ತರ ಮನೆಗಳಷ್ಟೇ ಅಲ್ಲ, ಶಾಲೆ, ಹೋಂಸ್ಟೇ, ರೆಸಾರ್ಟುಗಳೂ ಅವನ್ನು ಕೊಳ್ಳುತ್ತವೆ. ಸುತ್ತ ನಿತ್ಯಹರಿದ್ವರ್ಣದ ಕಾಡಿರುವ ಸೀಮೆಗೆ ಪ್ಲಾಸ್ಟಿಕ್ಕಿನ ಮರವೇಕೆ ಎಂಬ ಪ್ರಶ್ನೆ ಸಹಜ. ಹಾಗೆಂದು ಕಾಡಿನ ಎಳೆಮರ ಕಡಿದು ತರುವುದು ಅದಕ್ಕೆ ಉತ್ತರವಲ್ಲ.

ಮರ ಸಿಂಗರಿಸುವ ರೂಢಿ ಜರ್ಮನ್ ಭಾಷಿಕರ ನಾಡಿನದು. ಸ್ಟ್ರಾಸ್‌ಬರ್ಗ್ ನಗರದ ಮನೆಗಳಲ್ಲಿ ಫರ್ ಮರಕ್ಕೆ ಸೇಬು, ಕಾಗದದ ಗುಲಾಬಿ ಕಟ್ಟುತ್ತಿದ್ದ ವಿವರ 1605ರ ದಾಖಲೆಯಲ್ಲಿದೆ. ಅದೇ ಜರ್ಮನಿಯಲ್ಲಿ 19ನೇ ಶತಮಾನದಲ್ಲಿ ಎಳೆಮರಗಳ ಕಡಿತ ಕಾಡಿಗೆ ಕುತ್ತೆನಿಸಿದಾಗ, ಹೆಬ್ಬಾತಿನ ಗರಿಗಳಿಗೆ ಹಸಿರು ಬಣ್ಣ ಹಾಕಿ, ತಂತಿಗೆ ಸುತ್ತಿ ಮರ ಮಾಡತೊಡಗಿದರು. ಮರ ಬದಲಾಯಿತು, ಹಬ್ಬ ಉಳಿಯಿತು. ಪರ್ಯಾಯದ ಹುಡುಕಾಟ ಸಂಪ್ರದಾಯಕ್ಕೆ ಹೊರತಾದುದಲ್ಲ, ಅದರ ಭಾಗವೇ ಆಗಿದೆ.

ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಸಂಸ್ಥೆಯ ಲೆಕ್ಕದಂತೆ ಎರಡು ಮೀಟರ್ ಎತ್ತರದ ಕೃತಕ ಮರದ ಇಂಗಾಲದ ಹೊರೆ ಸುಮಾರು 40 ಕಿಲೋ. ಅಷ್ಟೇ ಎತ್ತರದ ನಿಜ ಮರ ಕಸದ ಗುಂಡಿಯಲ್ಲಿ ಕೊಳೆತು ಮೀಥೇನ್ ಉಗುಳಿದರೆ 16 ಕಿಲೋ; ಚೂರು ಮಾಡಿ ನೆಲಕ್ಕೆ ಹರಡಿದರೆ ಸುಮಾರು 3.5 ಕಿಲೋ. ಮರ ಯಾವುದೆಂಬುದರಷ್ಟೇ, ಹಬ್ಬದ ಮರುದಿನ ಅದು ಎಲ್ಲಿಗೆ ಹೋಗುತ್ತದೆ ಎಂಬುದೂ ಮುಖ್ಯ.

ಈ ನೆಲದಲ್ಲಿ ಆಯ್ಕೆಗಳಿಗೆ ಕೊರತೆಯಿಲ್ಲ. ರೈತರು ಬೆಳೆಸಿದ ಗಾಳಿಮರದ ಕೊಂಬೆಯೊಂದು ಸಾಕು. ಕಡಲ ತಡಿಯ ರಕ್ಷಣಾ ತೋಪುಗಳನ್ನು ಮುಟ್ಟಬೇಕಿಲ್ಲ. ನರ್ಸರಿಗಳಲ್ಲಿ ಕ್ರಿಸ್‌ಮಸ್ ಗಿಡವೆಂದು ಸಿಗುವ ಅರೌಕೇರಿಯ ಪೆಸಿಫಿಕ್ ದ್ವೀಪಗಳಿಂದ ಬಂದದ್ದು. ಕುಂಡದಲ್ಲಿ ಅದು ವರ್ಷಗಟ್ಟಲೆ ಬಾಳುತ್ತದೆ. ಅದರ ತುದಿ ಮಾತ್ರ ಚಿವುಟಬಾರದು: ಪಕ್ಕದ ರೆಂಬೆ ನೆಟ್ಟಗೆ ನಿಂತು ತುದಿಯ ಸ್ಥಾನ ತುಂಬುವುದಿಲ್ಲ.

ಕಾಫಿ ತೋಟದಲ್ಲಿ ಕಿತ್ತ ಹಳೆಯ ಗಿಡದ ಒಣ ಕಾಂಡವೂ ಸೊಗಸಾದ ಮರವಾದೀತು. ಇಲ್ಲೊಂದು ಎಚ್ಚರ ಅಗತ್ಯ. ಬಿಳಿ ಕಾಂಡಕೊರಕ ತಗುಲಿದ ಅರೇಬಿಕಾ ಗಿಡದೊಳಗೆ ಮರಿಹುಳು ಜೀವಂತವಿರಬಹುದು. ಅಂಥದ್ದನ್ನು ಸುಡಬೇಕೇ ಹೊರತು ಊರೂರಿಗೆ ಸಾಗಿಸಬಾರದು.

ಲಂಟಾನದ ಮಾತು ಇನ್ನೂ ಸ್ವಾರಸ್ಯಕರ. ಅಮೆರಿಕ ಖಂಡದಿಂದ ಅಲಂಕಾರದ ಗಿಡವಾಗಿ ಬಂದ ಈ ಕಳೆ ಇಂದು ಕಾಡನ್ನೇ ನುಂಗುತ್ತಿದೆ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಇದರ ಕಡ್ಡಿಯಿಂದ ಪೀಠೋಪಕರಣ ಹೆಣೆಯುವುದನ್ನು ಕರಗತ ಮಾಡಿಕೊಂಡಿದ್ದಾರೆ. ಅದೇ ಕಡ್ಡಿಯಿಂದ ಶಂಕುವಿನಾಕಾರದ ಮರ ಹೆಣೆಯುವುದು ಕಷ್ಟವಲ್ಲ. ಕಡ್ಡಿಯನ್ನು ಎಲ್ಲಿಂದ ತಂದರೂ ಹಣ್ಣಿನ ಗೊಂಚಲನ್ನು ಅಲ್ಲಿಯೇ ನಾಶಪಡಿಸಬೇಕು. ಇಲ್ಲವಾದರೆ ಹಬ್ಬದ ನೆಪದಲ್ಲಿ ಕಳೆಯ ಬೀಜ ಪ್ರಸಾರವಾಗುತ್ತದೆ.

ಒಡವೆಗಳ ವಿಷಯದಲ್ಲೂ ಇದೇ ವಿವೇಕ ಸಲ್ಲುತ್ತದೆ. ಲಿಥುವೇನಿಯಾದಲ್ಲಿ ಹುಲ್ಲುಕಡ್ಡಿಗಳನ್ನು ದಾರದಲ್ಲಿ ಪೋಣಿಸಿ ತೂಗುಬಿಡುವ 'ಸೋದಾಯ್' ಕಲೆಯನ್ನು ಯುನೆಸ್ಕೊ 2023ರಲ್ಲಿ ಪಾರಂಪರಿಕ ಪಟ್ಟಿಗೆ ಸೇರಿಸಿತು. ಇಲ್ಲಿ ಭತ್ತದ ಹುಲ್ಲಿದೆ, ತೆನೆಯಿದೆ, ಅಡಿಕೆ ಹಾಳೆಯಿದೆ, ಕರಟವಿದೆ. ದೀಪಾವಳಿಯ ಗೂಡುದೀಪ ಕಟ್ಟುವ ಬಿದಿರ ಸಲಾಕೆ ಮತ್ತು ಬಣ್ಣದ ಕಾಗದವೇ ಕ್ರಿಸ್‌ಮಸ್ ನಕ್ಷತ್ರಕ್ಕೂ ಒದಗುತ್ತದೆ. ಗೋದಲಿಯ ಹಸಿರಿಗೆ ರಾಗಿಯನ್ನೋ ಭತ್ತವನ್ನೋ ಮೊಳಕೆ ಬರಿಸಿದರಾಯಿತು. ಮರದ ಮೇಲಿನ ಹಾವಸೆಯನ್ನು ಸುಲಿದು ತರುವುದು ಬೇಡ. ಮೆಲ್ಲನೆ ಬೆಳೆಯುವ ಆ ಹಾಸು ನೀರು ಹಿಡಿದಿಡುತ್ತದೆ, ಅಸಂಖ್ಯ ಕಿರುಜೀವಿಗಳಿಗೆ ಮನೆಯಾಗಿದೆ. ಗುಲಗಂಜಿ ಎಷ್ಟೇ ಚೆಂದವಿದ್ದರೂ ಅದರ ಬೀಜ ವಿಷ. ಮಕ್ಕಳಿರುವ ಮನೆಗೆ ಅದು ಸಲ್ಲದು.

ಇದು ಒಂದು ಧರ್ಮದವರಿಗೆ ಹೇಳುವ ಬುದ್ಧಿಮಾತಲ್ಲ. 2022ರ ಜುಲೈ 1ರಿಂದ ದೇಶದಲ್ಲಿ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲೂ ಇದೆ. ಗಣೇಶನ ಮಂಟಪಕ್ಕೂ ಗೋದಲಿಗೂ ಅದು ಸಮಾನವಾಗಿ ಅನ್ವಯಿಸುತ್ತದೆ. ಈಗಾಗಲೇ ಪ್ಲಾಸ್ಟಿಕ್ ಮರ ಕೊಂಡವರು ಅದನ್ನು ಎಸೆಯದೆ ಹತ್ತಾರು ವರ್ಷ ಬಳಸುವುದೇ ಸರಿಯಾದ ದಾರಿ. ಹೊಸದಾಗಿ ಕೊಳ್ಳಲಿರುವ ಶಾಲೆ, ಚರ್ಚು, ರೆಸಾರ್ಟುಗಳು ಪೇಟೆಗೆ ಹೋಗುವ ಮುನ್ನ ಒಮ್ಮೆ ತಮ್ಮ ಹಿತ್ತಿಲು, ಗದ್ದೆ, ತೋಟಗಳತ್ತ ನೋಡಲಿ. ಜನವರಿಯಲ್ಲಿ ಗೊಬ್ಬರದ ಗುಂಡಿಗೆ ಹಾಕಬಹುದಾದ ಸಿಂಗಾರ ಅಲ್ಲಿಯೇ ಇದೆ.